ಚರ್ಚಿಲ್: ದಂಡು ಪ್ರದೇಶದ ಲೆಫ್ಟಿನೆಂಟ್, ಮಿದುಳಿನ ರಕ್ತನಾಳ ಮತ್ತು ಮುಚ್ಚಿಟ್ಟ ಪಾರ್ಶ್ವವಾಯು

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನವರು ಹಳೆಯದೊಂದು ಲೆಕ್ಕದ ಪುಸ್ತಕವನ್ನು ಜೋಪಾನವಾಗಿ ಕಾಯ್ದಿಟ್ಟುಕೊಂಡಿದ್ದಾರೆ. 1899ರ ಜೂನ್ 1ರ ದಾಖಲೆಯದು. ವಸೂಲಾಗುವ ಆಸೆಯಿಲ್ಲವೆಂದು ಕೈಬಿಟ್ಟ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಎಂಬ ಹೆಸರಿದೆ. ಬಾಕಿ ಮೊತ್ತ 13 ರೂಪಾಯಿ. ಮುಂದೆ ಎರಡು ಬಾರಿ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಬೆಂಗಳೂರಿಗೆ ಉಳಿಸಿ ಹೋದ ಸಾಲವಿದು.

ಈ ಹದಿಮೂರು ರೂಪಾಯಿಯ ಕತೆಯನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ಆದರೆ ಅದೇ ಚರ್ಚಿಲ್ ತಮ್ಮ ಬಾಳಿನ ಕೊನೆಯ ಹದಿನಾರು ವರ್ಷಗಳನ್ನು ಮಿದುಳಿನ ರಕ್ತನಾಳಗಳ ಕಾಯಿಲೆಯೊಡನೆ ಕಳೆದರು. ಪ್ರಧಾನಿ ಪದವಿಯಲ್ಲಿದ್ದಾಗಲೇ ಪಾರ್ಶ್ವವಾಯುವಿಗೆ ತುತ್ತಾದರು. ಆ ಸಂಗತಿಯನ್ನು ಇಡೀ ದೇಶದಿಂದ ಮುಚ್ಚಿಟ್ಟರು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಕುಳಿತು ಮಾತಿನ ಸಂಪತ್ತನ್ನು ಕೂಡಿಸಿಕೊಂಡ ಮನುಷ್ಯನಿಗೆ, ಆ ಮಾತನ್ನು ಪೋಷಿಸುವ ನಾಳಗಳೇ ಕೈಕೊಟ್ಟ ಕತೆಯಿದು.

ದಂಡಿಗೆ ಬಂದ ತರುಣ

1809ರ ವೇಳೆಗೆ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನ ಎತ್ತರದ ಬಯಲಿಗೆ ಬಂದಿತ್ತು. ಹಲಸೂರು ಕೆರೆಯ ಆಸುಪಾಸಿನಿಂದ ಬೆಳೆಯತೊಡಗಿದ ದಂಡು, ಕೆಂಪೇಗೌಡರ ಪೇಟೆಗೆ ಪೂರ್ವದಲ್ಲಿ ಬೇರೆಯದೇ ಒಂದು ಊರಾಗಿ ನಿಂತಿತು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂತು. ಇಂದಿನ ಶಿವಾಜಿನಗರವಾದ ಬ್ಲ್ಯಾಕ್‌ಪಳ್ಳಿಯಲ್ಲಿ ಬೌರಿಂಗ್ ಆಸ್ಪತ್ರೆ ಎದ್ದಿತು. 1868ರಲ್ಲಿ ಅಧಿಕಾರಿಗಳ ಕ್ಲಬ್ ಹುಟ್ಟಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು.

ಇಂಥ ಊರಿಗೆ 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದೊಡನೆ ಚರ್ಚಿಲ್ ಬಂದಿಳಿದರು. 1874ರ ನವೆಂಬರ್ 30ರಂದು ಜನಿಸಿದ ಅವರಿಗೆ ಆಗ ಇಪ್ಪತ್ತೊಂದು ವರ್ಷ. ಮುಂಬಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಮೆಟ್ಟಿಲೇರುವಾಗ ಬಲಭುಜ ಉಳುಕಿತ್ತು; ಆ ನೋವು ಜೀವನಪರ್ಯಂತ ಕಾಡಿತು. ಒಂದೂಮುಕ್ಕಾಲು ವರ್ಷದ ಹಿಂದೆ, 1895ರ ಜನವರಿ 24ರಂದು, ತಂದೆ ಲಾರ್ಡ್ ರಾಂಡಲ್ಫ್ ಚರ್ಚಿಲ್ ನಲವತ್ತೈದನೆಯ ವಯಸ್ಸಿಗೇ ತೀರಿಕೊಂಡಿದ್ದರು. ಒಂದು ಕಾಲಕ್ಕೆ ಖಜಾನೆ ಮಂತ್ರಿಯಾಗಿ ಮೆರೆದ ಮಾತುಗಾರ, ಕೊನೆಯ ವರ್ಷಗಳಲ್ಲಿ ಸಂಸತ್ತಿನಲ್ಲಿ ತೊದಲುತ್ತ, ಎಳೆ ಕಳೆದುಕೊಳ್ಳುತ್ತ ನಿಂತದ್ದನ್ನು ಲಂಡನ್ ನಗರ ಕಂಡಿತ್ತು. ಅವರ ರೋಗ ನರಮಂಡಲದ್ದೆಂಬುದರಲ್ಲಿ ಸಂಶಯವಿರಲಿಲ್ಲ. ಅದು ಯಾವುದೆಂಬ ಬಗ್ಗೆ ವಿವಾದ ಇಂದಿಗೂ ಮುಗಿದಿಲ್ಲ. ಮಾತು ಕೈಕೊಟ್ಟ ತಂದೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಗ ಬೆಂಗಳೂರಿಗೆ ಬಂದದ್ದು.

ರೆಜಿನಾಲ್ಡ್ ಬಾರ್ನ್ಸ್ ಮತ್ತು ಹ್ಯೂಗೊ ಬೇರಿಂಗ್ ಎಂಬ ಇಬ್ಬರು ಸಹ ಅಧಿಕಾರಿಗಳೊಡನೆ ಸೇರಿ ಚರ್ಚಿಲ್ ವಿಶಾಲವಾದ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದರು. ಗುಲಾಬಿ ಮತ್ತು ಬಿಳಿ ಬಣ್ಣದ ಗೋಡೆ, ದಪ್ಪ ಹೆಂಚಿನ ಸೂರು, ಆಳವಾದ ಜಗುಲಿ, ಸುತ್ತ ತೋಟ. ಬಟ್ಲರ್, ಸೈಸ್, ಮಾಲಿ, ಭಿಸ್ತಿ, ಧೋಬಿ, ಕಾವಲುಗಾರ ಎಂದು ಸೇವಕರ ಸಾಲು. ಬೆಳಗಿನ ಕವಾಯತು, ಸಂಜೆಯ ಪೋಲೋ. ಇವೆರಡರ ನಡುವೆ ಬಿಸಿಲಿನ ದೀರ್ಘ ಮಧ್ಯಾಹ್ನ. ಜೊತೆಗಾರರು ಮಲಗಿ ನಿದ್ರಿಸುತ್ತಿದ್ದ ಆ ಹೊತ್ತಿನಲ್ಲಿ ಚರ್ಚಿಲ್ ಗುಲಾಬಿ ಬೆಳೆಸಿದರು, ಚಿಟ್ಟೆ ಹಿಡಿದರು. ಎಲ್ಲಕ್ಕಿಂತ ಮಿಗಿಲಾಗಿ ಓದಿದರು.

ವಿಶ್ವವಿದ್ಯಾಲಯದ ಮುಖ ಕಾಣದ ತನಗೆ ತಿಳಿದದ್ದು ಕಡಿಮೆಯೆಂಬ ಅರಿವು ಅವರಿಗೆ ಇಲ್ಲಿ ಮೂಡಿತು. ತಾಯಿಗೆ ಕಾಗದ ಬರೆದು ಪುಸ್ತಕದ ಪೆಟ್ಟಿಗೆಗಳನ್ನು ತರಿಸಿಕೊಂಡರು. ಗಿಬ್ಬನ್ನನ ರೋಮ್ ಚರಿತ್ರೆಯ ಎಂಟು ಸಂಪುಟಗಳು, ಮೆಕಾಲೆಯ ಹನ್ನೆರಡು ಸಂಪುಟಗಳು, ಪ್ಲೇಟೋ, ಅರಿಸ್ಟಾಟಲ್, ಷೋಪೆನ್‌ಹಾವರ್, ಮಾಲ್ತಸ್, ಡಾರ್ವಿನ್. ದಿನಕ್ಕೆ ನಾಲ್ಕೈದು ಗಂಟೆ ಈ ಓದು ನಡೆಯಿತು. ಮುಂದೆ ಯುದ್ಧಕಾಲದಲ್ಲಿ ಜಗತ್ತು ಕೇಳಿದ ಆ ಘನವಾದ, ಅಲೆಯಲೆಯಾಗಿ ಏರುವ ವಾಕ್ಯಗಳ ಅಡಿಪಾಯ ಬಿದ್ದದ್ದು ಬೆಂಗಳೂರಿನ ಈ ಮಧ್ಯಾಹ್ನಗಳಲ್ಲಿ. ಸವ್ರೋಲಾ ಎಂಬ ಅವರ ಏಕೈಕ ಕಾದಂಬರಿಯ ಬರವಣಿಗೆ ಆರಂಭವಾದದ್ದೂ ಇಲ್ಲಿದ್ದಾಗಲೇ.

ಆದರೆ ಊರಿನ ಮೇಲೆ ಅವರಿಗೆ ಪ್ರೀತಿ ಹುಟ್ಟಲಿಲ್ಲ. ಕೂಗಳತೆಯ ದೂರದ ಪೇಟೆಯ ಕನ್ನಡವಾಗಲಿ, ದಂಡಿನ ಬೀದಿಗಳ ತಮಿಳು, ಉರ್ದುವಾಗಲಿ ಅವರ ಲೋಕದೊಳಕ್ಕೆ ಬರಲಿಲ್ಲ. ಯುದ್ಧ ಎಲ್ಲಿದ್ದರೆ ಅಲ್ಲಿಗೆ ಓಡುವ ತವಕವೊಂದೇ. 1897ರಲ್ಲಿ ವಾಯವ್ಯ ಗಡಿಯ ಮಲಕಂಡದಲ್ಲಿ ಕಾಳಗ ಎದ್ದಾಗ ರಜೆ ಪಡೆದು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಹೋಗಿ ನೌಷೇರಾಕ್ಕೆ ಟಿಕೆಟ್ ಕೊಂಡರು. 2,028 ಮೈಲಿ, ಐದು ದಿನಗಳ ಪ್ರಯಾಣ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ಅವರು ಸುಡಾನಿನ ಯುದ್ಧಕ್ಕೆ ಹೊರಟಿದ್ದರು. ಮರಳಿ ಬಂದು, 1899ರ ಫೆಬ್ರವರಿಯಲ್ಲಿ ಮೀರತ್ತಿನ ಪೋಲೋ ಪಂದ್ಯವನ್ನು ಗೆಲ್ಲಿಸಿಕೊಟ್ಟು, ಸೇನೆಗೆ ವಿದಾಯ ಹೇಳಿದರು. ಕ್ಲಬ್ಬಿನ ಪುಸ್ತಕದಲ್ಲಿ ಹದಿಮೂರು ರೂಪಾಯಿ ಉಳಿಯಿತು.

ನಮ್ಮ ಲೆಕ್ಕದಲ್ಲಿ ಚರ್ಚಿಲ್

ಮುಂದಿನ ನಲವತ್ತು ವರ್ಷಗಳ ರಾಜಕೀಯವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಹಿಟ್ಲರನಿಗೆ ಎದುರಾಗಿ 1940ರಲ್ಲಿ ಬ್ರಿಟನ್ನನ್ನು ನಿಲ್ಲಿಸಿದ ನಾಯಕನೆಂಬ ಕೀರ್ತಿ ಅವರದು. ಆದರೆ ಭಾರತೀಯ ಓದುಗ ಇನ್ನೊಂದು ಪುಟವನ್ನೂ ತಿರುವಬೇಕಾಗುತ್ತದೆ. 1930ರ ದಶಕದುದ್ದಕ್ಕೂ ಭಾರತಕ್ಕೆ ಸ್ವಯಮಾಡಳಿತ ಕೊಡುವುದನ್ನು ಅವರು ತಮ್ಮ ಪಕ್ಷದೊಳಗೇ ನಿಂತು ವಿರೋಧಿಸಿದರು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರ ಸಂಖ್ಯೆ ಮೂವತ್ತು ಲಕ್ಷದವರೆಗೂ ಇದ್ದೀತೆಂಬ ಅಂದಾಜಿದೆ. ಧಾನ್ಯ ಸಾಗಿಸಲು ಹಡಗು ಒದಗಿಸುವಲ್ಲಿ ಅವರ ಯುದ್ಧ ಸಂಪುಟ ತೋರಿದ ಹಿಂದೇಟನ್ನು ಚರಿತ್ರೆ ಮರೆತಿಲ್ಲ. ಇಲ್ಲಿ ಅವರ ಕಾಯಿಲೆಯ ಕತೆಯನ್ನು ಹೇಳುವುದು ಆ ಪುಟವನ್ನು ಮುಚ್ಚುವುದಕ್ಕಲ್ಲ. ದೊಡ್ಡ ಅಧಿಕಾರವನ್ನು ಹೊತ್ತ ಮಿದುಳೂ ಕೂದಲೆಳೆಯಷ್ಟು ಸಣ್ಣ ನಾಳಗಳನ್ನೇ ನಂಬಿ ಬದುಕುತ್ತದೆ ಎಂಬುದನ್ನು ಕಾಣುವುದಕ್ಕೆ.

ಮಿದುಳಿಗೆ ಹರಿಯುವ ನೆತ್ತರು

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋ, ದೇಹದ ತೂಕದಲ್ಲಿ ಶೇಕಡ 2ರಷ್ಟು. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಶೇಕಡ 15ರಷ್ಟು, ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದಕ್ಕೇ ಬೇಕು. ನಿಮಿಷವೊಂದಕ್ಕೆ ಮುಕ್ಕಾಲು ಲೀಟರಿನಷ್ಟು ನೆತ್ತರು ಕುತ್ತಿಗೆಯ ಮುಂಭಾಗದ ಎರಡು, ಹಿಂಭಾಗದ ಎರಡು ಅಪಧಮನಿಗಳ ಮೂಲಕ ತಲೆಗೇರುತ್ತದೆ. ಈ ನಾಲ್ಕೂ ಮಿದುಳಿನ ತಳದಲ್ಲಿ ಕೂಡಿ ಉಂಗುರವಾಗುತ್ತವೆ. 1664ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್‌ನ ಹೆಸರೇ ಅದಕ್ಕೆ ನಿಂತಿದೆ.

ಮಿದುಳಿಗೆ ತನ್ನದೆಂಬ ಉಗ್ರಾಣವಿಲ್ಲ. ಹರಿವು ನಿಂತರೆ ಕೆಲವೇ ಕ್ಷಣಗಳಲ್ಲಿ ಕೆಲಸ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ವಯಸ್ಸು, ಏರಿದ ರಕ್ತದೊತ್ತಡ, ತಂಬಾಕು, ಸಕ್ಕರೆ ಕಾಯಿಲೆ ಇವೆಲ್ಲ ಸೇರಿ ನಾಳದ ಗೋಡೆಯನ್ನು ದಪ್ಪಗಾಗಿಸಿ, ಗಟ್ಟಿಯಾಗಿಸಿ, ಒಳದಾರಿಯನ್ನು ಕಿರಿದಾಗಿಸುತ್ತವೆ. ದೊಡ್ಡ ನಾಳ ಮುಚ್ಚಿದರೆ ಅರ್ಧ ದೇಹವೇ ಬೀಳುತ್ತದೆ. ಆಳದಲ್ಲಿರುವ ಕಿರುನಾಳ ಮುಚ್ಚಿದರೆ ಅವರೆಕಾಳಿನಷ್ಟು ಜಾಗ ಮಾತ್ರ ಸಾಯಬಹುದು. ಆದರೆ ಆ ಜಾಗ ಯಾವುದೆಂಬುದರ ಮೇಲೆ ಕೈ, ಕಾಲು, ಮಾತುಗಳ ಭವಿಷ್ಯ ನಿಂತಿರುತ್ತದೆ.

ಈ ಶತ್ರುವಿಗೆ ಪಕ್ಷಪಾತವಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಮೂವರು ನಾಯಕರು ಒಟ್ಟಿಗೆ ಕುಳಿತು ಯುದ್ಧಾನಂತರದ ಜಗತ್ತಿನ ನಕ್ಷೆ ಬರೆದರು. ಅವರಲ್ಲಿ ರೂಸ್‌ವೆಲ್ಟ್ ಎರಡೇ ತಿಂಗಳಲ್ಲಿ, ಏಪ್ರಿಲ್ 12ರಂದು, ಮಿದುಳಿನ ರಕ್ತಸ್ರಾವದಿಂದ ಸತ್ತರು. 1944ರ ಮಾರ್ಚ್‌ನಲ್ಲೇ ಅವರ ರಕ್ತದೊತ್ತಡ 186/108 ಇತ್ತು; ಕೊನೆಯ ದಿನ ಅದು 300ನ್ನು ಮೀರಿತ್ತು. ಸ್ಟಾಲಿನ್ 1953ರ ಮಾರ್ಚ್ 5ರಂದು ಮಿದುಳಿನ ರಕ್ತಸ್ರಾವದಿಂದಲೇ ಸತ್ತರು. ಮೂರನೆಯವರಾದ ಚರ್ಚಿಲ್ ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದರು. ಕೊನೆಗೆ ಅವರನ್ನೂ ಕೊಂಡೊಯ್ದದ್ದು ಅದೇ ನಾಳಗಳು.

ಮೊದಲ ಎಚ್ಚರಿಕೆಗಳು

1949ರ ಆಗಸ್ಟ್. ಆಗ ಚರ್ಚಿಲ್ ವಿರೋಧ ಪಕ್ಷದ ನಾಯಕರು. ಫ್ರಾನ್ಸಿನ ದಕ್ಷಿಣ ತೀರದಲ್ಲಿ ಪತ್ರಿಕೋದ್ಯಮಿ ಲಾರ್ಡ್ ಬೀವರ್‌ಬ್ರೂಕರ ಬಂಗಲೆಯಲ್ಲಿ ಬೇಸಿಗೆ ಕಳೆಯುತ್ತಿದ್ದರು. ತಡರಾತ್ರಿ ಇಸ್ಪೀಟು ಆಡುತ್ತಿದ್ದಾಗ ಬಲಗೈ ಮತ್ತು ಬಲಗಾಲು ಜೋಮು ಹಿಡಿದಂತಾಯಿತು. ಬೆಳಿಗ್ಗೆ ಎದ್ದಾಗಲೂ ಅದು ಹೋಗಿರಲಿಲ್ಲ; ಸಹಿ ಹಾಕಲು ಕಷ್ಟವಾಯಿತು. ಲಂಡನ್ನಿನಿಂದ ವಿಮಾನದಲ್ಲಿ ಬಂದ ಖಾಸಗಿ ವೈದ್ಯ ಲಾರ್ಡ್ ಮೊರನ್, ಮಿದುಳಿನ ಕಿರುನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ತಿಳಿಸಿದರು. ಪತ್ರಿಕೆಗಳಿಗೆ ಹೇಳಿದ್ದು ಶೀತವಾಗಿದೆಯೆಂದು. ಬೆಂಗಳೂರಿನ ಪೇಟೆ ಮತ್ತು ದಂಡು ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ್ದೂ ಇದೇ 1949ರಲ್ಲಿ. ತಾನು ಒಮ್ಮೆ ಬದುಕಿದ ಬ್ರಿಟಿಷರ ಪ್ರತ್ಯೇಕ ಊರು ನಕ್ಷೆಯಿಂದ ಅಳಿಸಿಹೋಗುತ್ತಿದ್ದ ಹೊತ್ತಿಗೆ, ಅದರ ಹಳೆಯ ಲೆಫ್ಟಿನೆಂಟನ ದೇಹವೂ ಸೂಚನೆ ಕೊಡತೊಡಗಿತ್ತು.

1951ರ ಅಕ್ಟೋಬರಿನಲ್ಲಿ, ಎಪ್ಪತ್ತಾರರ ಕೊನೆಯಲ್ಲಿದ್ದ ಚರ್ಚಿಲ್ ಮತ್ತೆ ಪ್ರಧಾನಿಯಾದರು. ನಾಲ್ಕೇ ತಿಂಗಳು. 1952ರ ಫೆಬ್ರವರಿಯಲ್ಲಿ ಒಂದು ಸಂಜೆ ದೂರವಾಣಿಯನ್ನು ಕೈಗೆತ್ತಿಕೊಂಡರೆ, ಆಡಬೇಕಾದ ಪದಗಳೇ ಸಿಗಲಿಲ್ಲ. ಕೆಲವು ನಿಮಿಷಗಳಲ್ಲಿ ಮಾತು ಮರಳಿತು. ಕೈಕಾಲಿಗೆ ಏನೂ ಆಗಿರಲಿಲ್ಲ.

ಬಹುಪಾಲು ಜನರಲ್ಲಿ ಭಾಷೆಯ ಕೇಂದ್ರಗಳು ಮಿದುಳಿನ ಎಡಭಾಗದಲ್ಲಿವೆ. ಅಲ್ಲಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾದರೂ ಪದಗಳು ಜಾರಿಹೋಗುತ್ತವೆ. ಹರಿವು ಮರಳಿದರೆ ಅವೂ ಮರಳುತ್ತವೆ. ತಾನಾಗಿ ಸರಿಹೋಗುವ ಇಂಥ ಘಟನೆಯನ್ನು ಇಂದಿನ ವೈದ್ಯರು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆಯೆಂದು ಪರಿಗಣಿಸಿ ಕೂಡಲೇ ತಪಾಸಣೆ, ಔಷಧ ಆರಂಭಿಸುತ್ತಾರೆ. 1952ರಲ್ಲಿ ಅಂಥ ಅನುಕೂಲವಿರಲಿಲ್ಲ. ತಲೆಯೊಳಗನ್ನು ಕಾಣಿಸುವ ಸಿ.ಟಿ. ಸ್ಕ್ಯಾನ್ ಮೊದಲ ರೋಗಿಗೆ ಬಳಕೆಯಾದದ್ದು 1971ರ ಅಕ್ಟೋಬರಿನಲ್ಲಿ. ರಕ್ತದೊತ್ತಡಕ್ಕೆ ಸುಲಭವಾಗಿ ನುಂಗಬಹುದಾದ ಒಳ್ಳೆಯ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಗೆ. ಆಸ್ಪಿರಿನ್ನಿನ ಉಪಯೋಗ ಖಚಿತವಾದದ್ದು 1970ರ ದಶಕದಲ್ಲಿ. ದೇಶದ ಅತ್ಯುನ್ನತ ವ್ಯಕ್ತಿಗೂ ಅಂದು ದೊರೆಯುತ್ತಿದ್ದ ಸಲಹೆ ವಿಶ್ರಾಂತಿ ಒಂದೇ. ಅದನ್ನಂತೂ ಚರ್ಚಿಲ್ ಕೇಳುವವರಲ್ಲ. 1895ರಲ್ಲಿ ಕ್ಯೂಬಾಕ್ಕೆ ಹೋದಾಗ ಅಂಟಿದ ಸಿಗಾರು, ಭಾರತದಲ್ಲಿದ್ದಾಗ ರೂಢಿಯಾದ ವಿಸ್ಕಿ, ನಡುರಾತ್ರಿ ದಾಟುವ ಕೆಲಸ ಇವು ಯಾವುವೂ ನಿಲ್ಲಲಿಲ್ಲ.

1953ರ ಜೂನ್ 23

ಆ ಜೂನ್ ತಿಂಗಳ ಲಂಡನ್ ಸಂಭ್ರಮದಲ್ಲಿತ್ತು. 2ರಂದು ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದಿತ್ತು. ಕಾಮನ್‌ವೆಲ್ತ್ ಪ್ರಧಾನಿಗಳ ಸಮಾವೇಶಕ್ಕೆ ಜವಾಹರಲಾಲ್ ನೆಹರೂ ಕೂಡ ಬಂದಿದ್ದರು. ತಾನು ಸ್ವಾತಂತ್ರ್ಯ ನಿರಾಕರಿಸಿದ್ದ ದೇಶದ ಪ್ರಧಾನಿಯನ್ನು ಚರ್ಚಿಲ್ ಸಮಾನನೆಂದು ಸ್ವಾಗತಿಸಬೇಕಾಯಿತು. ವಿದೇಶಾಂಗ ಮಂತ್ರಿ ಆಂಥೊನಿ ಈಡನ್ ಅಮೆರಿಕದ ಬಾಸ್ಟನ್ ನಗರದಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆಗೆ ಮಲಗಿದ್ದರಿಂದ ಆ ಖಾತೆಯ ಭಾರವೂ ಚರ್ಚಿಲ್ ಹೆಗಲ ಮೇಲಿತ್ತು.

23ರ ರಾತ್ರಿ ಇಟಲಿಯ ಪ್ರಧಾನಿ ಆಲ್ಸಿದೆ ದೆ ಗಾಸ್ಪೆರಿ ಅವರಿಗೆ ಡೌನಿಂಗ್ ಬೀದಿಯ ಮನೆಯಲ್ಲಿ ಔತಣ. ರೋಮನ್ನರು ಬ್ರಿಟನ್ನನ್ನು ಗೆದ್ದ ಕಾಲವನ್ನು ನೆನೆದು ಚರ್ಚಿಲ್ ಸೊಗಸಾಗಿ ಪುಟ್ಟ ಭಾಷಣ ಮಾಡಿದರು. ರೋಮಿನ ಕತೆ! ಐವತ್ತಾರು ವರ್ಷಗಳ ಹಿಂದೆ ಬೆಂಗಳೂರಿನ ಬಂಗಲೆಯಲ್ಲಿ ಗಿಬ್ಬನ್ನನ ಸಂಪುಟಗಳಿಂದ ಮನಸ್ಸಿಗಿಳಿದಿದ್ದ ಲೋಕ. ಊಟ ಮುಗಿದು ಅತಿಥಿಗಳು ಏಳುವ ಹೊತ್ತಿಗೆ ಅವರು ಕೆಲವು ಹೆಜ್ಜೆ ನಡೆದು ಕುರ್ಚಿಯಲ್ಲಿ ಕುಸಿದರು. ಮಾತು ತೊದಲಿತು. ಕುಡಿದದ್ದು ಹೆಚ್ಚಾಯಿತೇನೋ ಎಂದು ಕೆಲವು ಅತಿಥಿಗಳು ಭಾವಿಸಿದರು. ಅಳಿಯ ಕ್ರಿಸ್ಟೊಫರ್ ಸೋಮ್ಸ್ ಮಾವನಿಗೆ ಬಹಳ ದಣಿವಾಗಿದೆಯೆಂದು ಹೇಳಿ ಎಲ್ಲರನ್ನೂ ಬೀಳ್ಕೊಟ್ಟರು.

ಮರುದಿನ ಬೆಳಿಗ್ಗೆ ಬಾಯಿಯ ಎಡತುದಿ ಜೋತಿತ್ತು, ಎಡಗೈ ಬಲಗುಂದಿತ್ತು. ಹಾಗಿದ್ದೂ ಸಂಪುಟ ಸಭೆಯ ಅಧ್ಯಕ್ಷತೆ ವಹಿಸಿದರು! ಪ್ರಧಾನಿ ಇಂದು ಮಾತು ಕಡಿಮೆ ಆಡುತ್ತಿದ್ದಾರೆ, ಮುಖ ಬಿಳಿಚಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಮಂತ್ರಿಗಳು ಗುರುತಿಸಲಿಲ್ಲ. 25ರಂದು ಅವರನ್ನು ಕೆಂಟ್ ಪ್ರಾಂತ್ಯದ ಚಾರ್ಟ್‌ವೆಲ್ ಮನೆಗೆ ಕರೆದೊಯ್ದರು. ಅಲ್ಲಿ ಎಡಭಾಗದ ಬಲ ಗಂಟೆಗಂಟೆಗೂ ಇಳಿಯುತ್ತ ಹೋಯಿತು. ವಾರಾಂತ್ಯದ ಆಚೆಗೆ ಬದುಕುವುದು ಅನುಮಾನವೆಂದು ಮೊರನ್ ಅವರಿಗೆ ತೋರಿತು.

ಪರೀಕ್ಷೆಗೆ ಬಂದ ನರತಜ್ಞರ ಹೆಸರು ರಸೆಲ್ ಬ್ರೇನ್. ಮಿದುಳಿನ ವೈದ್ಯರಿಗೆ ಮಿದುಳೆಂಬ ಅರ್ಥದ್ದೇ ಮನೆತನದ ಹೆಸರು! ಇಬ್ಬರು ವೈದ್ಯರೂ ಸೇರಿ ಸಿದ್ಧಪಡಿಸಿದ ಪ್ರಕಟಣೆಯಲ್ಲಿ ಮಿದುಳಿನ ರಕ್ತಸಂಚಾರದಲ್ಲಿ ತೊಂದರೆಯಾಗಿದೆಯೆಂಬ ಮಾತಿತ್ತು. ಆಡಳಿತ ಪಕ್ಷದ ಹಿರಿಯರಾದ ಬಟ್ಲರ್ ಮತ್ತು ಸಾಲಿಸ್‌ಬರಿ ಆ ಸಾಲನ್ನು ತೆಗೆಸಿದರು. ದಣಿದ ಪ್ರಧಾನಿಗೆ ಒಂದು ತಿಂಗಳ ವಿಶ್ರಾಂತಿ ಬೇಕೆಂಬಷ್ಟೇ ಹೊರಬಂತು. ಖಾಸಗಿ ಕಾರ್ಯದರ್ಶಿ ಜಾನ್ ಕೊಲ್‌ವಿಲ್ ಪತ್ರಿಕಾ ಒಡೆಯರಾದ ಬೀವರ್‌ಬ್ರೂಕ್, ಕ್ಯಾಮ್‌ರೋಸ್, ಬ್ರಾಕನ್ ಅವರನ್ನು ಚಾರ್ಟ್‌ವೆಲ್‌ಗೆ ಕರೆಸಿಕೊಂಡರು. ತೋಟದಲ್ಲಿ ನಡೆದಾಡುತ್ತ ಅವರು ಆಡಿಕೊಂಡ ಒಪ್ಪಂದದ ಫಲವಾಗಿ ಲಂಡನ್ನಿನ ಪತ್ರಿಕೆಗಳು ಮೌನ ತಾಳಿದವು.

ಇದರ ಗಂಭೀರತೆಯನ್ನು ಯೋಚಿಸಿ ನೋಡಿ. ಸ್ಟಾಲಿನ್ ಸತ್ತು ಮೂರು ತಿಂಗಳಾಗಿತ್ತು. ಕೊರಿಯಾದ ಯುದ್ಧ ಇನ್ನೂ ನಿಂತಿರಲಿಲ್ಲ. ಬ್ರಿಟನ್ ಹಿಂದಿನ ವರ್ಷವಷ್ಟೇ ಅಣುಬಾಂಬ್ ಪರೀಕ್ಷಿಸಿತ್ತು. ಪ್ರಧಾನಿ ಹಾಸಿಗೆ ಹಿಡಿದಿದ್ದರು, ಉತ್ತರಾಧಿಕಾರಿ ಸಾಗರದಾಚೆ ಆಸ್ಪತ್ರೆಯಲ್ಲಿದ್ದರು. ಸಂಪುಟ ಸಭೆಗಳನ್ನು ಬಟ್ಲರ್ ನಡೆಸಿದರು. ದಿನನಿತ್ಯದ ಅನೇಕ ಕಾಗದಪತ್ರಗಳಿಗೆ ಉತ್ತರ ಹೋದದ್ದು ಅಳಿಯ ಮತ್ತು ಕಾರ್ಯದರ್ಶಿಯ ಕೈಯಿಂದ. ಮತದಾರರಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಮಾತು ಮರಳಿತು

ಆದರೆ ಚರ್ಚಿಲ್ ಸಾಯಲಿಲ್ಲ. ಬಂದ ಹೊಡೆತ ದೇಹದ ಎಡಭಾಗಕ್ಕೆ. ನಾಲಿಗೆ ತೊದಲಿತೇ ಹೊರತು ಭಾಷೆಯ ಭಂಡಾರಕ್ಕೆ ಧಕ್ಕೆಯಾಗಲಿಲ್ಲ. ಒಂದು ವಾರ ಕಳೆಯುತ್ತಲೇ, ಭೇಟಿಗೆ ಬಂದವರೆದುರು ಕುರ್ಚಿಯ ತೋಳುಗಳನ್ನು ಊರಿ, ಬೆವರಿಳಿಸಿಕೊಂಡು ಎದ್ದು ನಿಂತು ತೋರಿಸಿದರು. ಸತ್ತ ಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಸುತ್ತಲಿನ ಊತ ಇಳಿದಂತೆ, ಅರೆಜೀವದಲ್ಲಿದ್ದ ಭಾಗಗಳಿಗೆ ರಕ್ತ ಸಿಕ್ಕಂತೆ, ಉಳಿದ ಭಾಗಗಳು ಹೊಸ ಪಾಠ ಕಲಿತಂತೆ ಶಕ್ತಿ ಮರಳುತ್ತದೆ. ಆಗಸ್ಟ್ 18ರಂದು ಅವರು ಸಂಪುಟ ಸಭೆಗೆ ಬಂದರು. ಅಕ್ಟೋಬರ್ 10ರಂದು ಮಾರ್ಗೇಟ್‌ನಲ್ಲಿ ಪಕ್ಷದ ಸಮಾವೇಶದೆದುರು ಸುಮಾರು ಐವತ್ತು ನಿಮಿಷ ನಿಂತು ಭಾಷಣ ಮಾಡಿದರು. ಅದಕ್ಕೆ ಮುನ್ನ ಮೊರನ್ ಕೊಟ್ಟ ಉತ್ತೇಜಕ ಮಾತ್ರೆಯೊಂದನ್ನು ನುಂಗಿದ್ದರು. ಅದೇ ತಿಂಗಳು ಸಾಹಿತ್ಯದ ನೊಬೆಲ್ ಪ್ರಶಸ್ತಿ ಅವರಿಗೆ ಪ್ರಕಟವಾಯಿತು. ಡಿಸೆಂಬರಿನಲ್ಲಿ ಪತ್ನಿ ಕ್ಲೆಮೆಂಟೈನ್ ಸ್ಟಾಕ್‌ಹೋಮಿನಲ್ಲಿ ಅದನ್ನು ಸ್ವೀಕರಿಸಿದರು.

ಈ ಚೇತರಿಕೆ ಬೆರಗು ಹುಟ್ಟಿಸುವಂಥದು, ನಿಜ. ಆದರೆ ಇಚ್ಛಾಶಕ್ತಿಯೊಂದೇ ಅದನ್ನು ಸಾಧಿಸಿತೆನ್ನುವುದು ಅರ್ಧ ಸತ್ಯ. ಮುಚ್ಚಿದ ನಾಳ ಇನ್ನೊಂದು ಬದಿಯದಾಗಿದ್ದರೆ ಎಷ್ಟೇ ಛಲವಿದ್ದರೂ ಮಾರ್ಗೇಟ್ ಭಾಷಣ ನಡೆಯುತ್ತಿರಲಿಲ್ಲ. ಮಾತನ್ನು ಕಳೆದುಕೊಂಡು ಮನೆಯ ಮೂಲೆಯಲ್ಲಿ ಕುಳಿತ ಎಷ್ಟೋ ಹಿರಿಯರಿಗೆ ಛಲ ಕಡಿಮೆಯೆಂದು ನಾವು ತಿಳಿಯಬಾರದು.

1955ರ ಮಾರ್ಚ್‌ನಲ್ಲಿ, ಸಂಸತ್ತಿನ ಚರ್ಚೆಯೊಂದರ ನಡುವೆ, ತಮಗೆ ಪಾರ್ಶ್ವವಾಯು ಬಡಿದಿತ್ತೆಂಬುದನ್ನು ಚರ್ಚಿಲ್ ಸ್ವತಃ ಬಾಯಿಬಿಟ್ಟರು. ಸದಸ್ಯರು ಸ್ತಬ್ಧರಾದರು. ಮುಂದಿನ ತಿಂಗಳು, ಏಪ್ರಿಲ್ 5ರಂದು, ರಾಜೀನಾಮೆ ಕೊಟ್ಟರು.

ಮುಚ್ಚಿಡುವ ಈ ಪರಿಪಾಠ ಲಂಡನ್ನಿಗಷ್ಟೇ ಸೀಮಿತವಲ್ಲ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಪಾರ್ಶ್ವವಾಯುವಿನಿಂದ ಮಲಗಿದಾಗ ಪತ್ನಿಯೇ ಬಾಗಿಲು ಕಾದರು. 1964ರ ಜನವರಿಯಲ್ಲಿ ಭುವನೇಶ್ವರದ ಕಾಂಗ್ರೆಸ್ ಅಧಿವೇಶನದಲ್ಲಿ ನೆಹರೂ ಅವರ ಎಡಭಾಗ ಬಲಗುಂದಿತು. ಲಾಲ್ ಬಹಾದುರ್ ಶಾಸ್ತ್ರಿ ಅವರನ್ನು ಮತ್ತೆ ಸಂಪುಟಕ್ಕೆ ಕರೆತಂದರು. ಮೇ 27ರಂದು ನೆಹರೂ ತೀರಿಕೊಂಡರು.

ನಿಧಾನವಾದ ನಡಿಗೆ

ಚರ್ಚಿಲ್‌ರ ಕೊನೆಯ ಹತ್ತು ವರ್ಷಗಳು ಒಂದೊಂದೇ ದೀಪ ಆರಿದಂತೆ ಸಾಗಿದವು. 1956ರಲ್ಲಿ ಮತ್ತೊಂದು ಆಘಾತ, 1959ರಲ್ಲಿ ಇನ್ನೊಂದು. ನಡಿಗೆ ನಿಧಾನವಾಯಿತು, ಕಿವಿ ಮಂದವಾಯಿತು, ಊಟದ ಮೇಜಿನಲ್ಲಿ ಗಂಟೆಗಟ್ಟಲೆ ಮೌನ. 1962ರಲ್ಲಿ ಮಾಂಟೆ ಕಾರ್ಲೋದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು.

ಹೆಜ್ಜೆ ಕಿರಿದಾಗಿ ಮೈ ನಿಧಾನವಾದರೆ ನಮ್ಮಲ್ಲಿ ಅದು ಪಾರ್ಕಿನ್ಸನ್ ಇರಬೇಕೆಂದೋ, ಬರೀ ಮುಪ್ಪೆಂದೋ ಹೇಳಿ ಸುಮ್ಮನಾಗುವ ವಾಡಿಕೆಯಿದೆ. ಇಲ್ಲಿ ಒಂದು ಭೇದವನ್ನು ತಿಳಿಯುವುದು ಒಳ್ಳೆಯದು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಂಪನ ರೋಗದ ಮೂಲ, ಡೋಪಮೈನ್ ತಯಾರಿಸುವ ನರಕೋಶಗಳ ನಾಶ. ಅದು ಸಾಮಾನ್ಯವಾಗಿ ಒಂದು ಕೈಯ ನಡುಕದಿಂದಲೋ ಬಿಗಿತದಿಂದಲೋ ಶುರುವಾಗುತ್ತದೆ; ಲಿವೊಡೋಪ ಔಷಧಕ್ಕೆ ಮಣಿಯುತ್ತದೆ. ಆದರೆ ಮಿದುಳಿನ ಆಳದ ಕಿರುನಾಳಗಳು ಒಂದೊಂದಾಗಿ ಮುಚ್ಚಿದಾಗಲೂ ಅದನ್ನೇ ಹೋಲುವ ಸ್ಥಿತಿ ಬರಬಹುದೆಂದು 1929ರಲ್ಲಿ ಇನ್ನೊಬ್ಬ ಲಂಡನ್ ವೈದ್ಯ ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ ತೋರಿಸಿದರು. ಅದರಲ್ಲಿ ನಡುಕ ಕಡಿಮೆ, ಕಾಲಿನ ತೊಡಕು ಹೆಚ್ಚು, ಔಷಧದ ಫಲ ಅಲ್ಪ. ಚರ್ಚಿಲ್‌ರದು ಪಾರ್ಕಿನ್ಸನ್ ರೋಗವಾಗಿರಲಿಲ್ಲ; ಅವರನ್ನು ಕುಗ್ಗಿಸಿದ್ದು ಮೇಲಿಂದ ಮೇಲೆ ಬಂದ ರಕ್ತನಾಳದ ಆಘಾತಗಳು.

ಈಚಿನ ದಶಕಗಳ ಸಂಶೋಧನೆ ಈ ಎರಡು ಲೋಕಗಳ ನಡುವಿನ ಗೋಡೆ ಅಷ್ಟೇನೂ ಗಟ್ಟಿಯಲ್ಲವೆಂದು ಹೇಳುತ್ತಿದೆ. ನಿಜವಾದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಲೋಮನಾಳಗಳು ಸವೆದಿರುವುದು, ಕೆಲವು ಭಾಗಗಳಿಗೆ ರಕ್ತದ ಹರಿವು ತಗ್ಗಿರುವುದು ಕಂಡುಬಂದಿದೆ. ಎದ್ದು ನಿಂತೊಡನೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆಗಟ್ಟುವುದು ಅವರಲ್ಲಿ ಅನೇಕರ ಅನುಭವ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಬಗೆಹರಿದಿಲ್ಲ. ಆದ್ದರಿಂದ ನಡಿಗೆ ಕೆಟ್ಟ ಹಿರಿಯರಿಗೆ ವಯಸ್ಸೆಂಬ ಒಂದೇ ಹಣೆಪಟ್ಟಿ ಹಚ್ಚದೆ ನರತಜ್ಞರಿಗೆ ತೋರಿಸುವುದು ಲೇಸು.

ಕೊನೆಯ ದಿನ

1964ರ ಜುಲೈ 27ರಂದು ಚರ್ಚಿಲ್ ಕಡೆಯ ಬಾರಿ ಸಂಸತ್ತಿಗೆ ಬಂದರು. 1965ರ ಜನವರಿಯಲ್ಲಿ ದೊಡ್ಡ ಆಘಾತ ಬಂತು. ಈ ಸಲ ಯಾರೂ ಮುಚ್ಚಿಡಲಿಲ್ಲ. ಮನೆಯ ಮುಂದೆ ಜನ ಮೌನವಾಗಿ ನೆರೆದರು. ಎರಡು ವಾರ ಅರೆಪ್ರಜ್ಞೆಯಲ್ಲಿದ್ದು, ಜನವರಿ 24ರ ಬೆಳಿಗ್ಗೆ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಾತು ಕಳೆದುಕೊಂಡ ಅವರ ತಂದೆ ಸತ್ತು ಅಂದಿಗೆ ಸರಿಯಾಗಿ ಎಪ್ಪತ್ತು ವರ್ಷ. ಮರುವರ್ಷ ಮೊರನ್ ರೋಗಿಯ ಗುಟ್ಟುಗಳನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ವೈದ್ಯ ಹೀಗೆ ಮಾಡಬಹುದೇ ಎಂದು ಕುಟುಂಬವೂ ವೈದ್ಯಲೋಕವೂ ಕೆರಳಿದವು. ಬದುಕಿದ್ದಾಗ ತಿಳಿಸಬೇಕಾದವರಿಗೆ ತಿಳಿಸದೆ, ಸತ್ತ ಮೇಲೆ ಎಲ್ಲರಿಗೂ ಹೇಳಿದಂತಾಯಿತು.

ಇಂದು ಕೆ.ಆರ್. ಪುರದಿಂದ ಇಂದಿರಾನಗರದವರೆಗೆ, ಹಲಸೂರಿನಿಂದ ಶಿವಾಜಿನಗರದವರೆಗೆ ಯಾವ ಮನೆಯಲ್ಲೇ ಆಗಲಿ ಲಕ್ವ ಹೊಡೆದರೆ, 1953ರ ಪ್ರಧಾನಿಗೆ ದೊರೆಯದ ಚಿಕಿತ್ಸೆ ಸಾಮಾನ್ಯನಿಗೂ ದೊರೆಯಬಲ್ಲದು. ಹೆಪ್ಪನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದ್ದರೆ ತಂತಿಯ ಮೂಲಕ ಹೆಪ್ಪನ್ನೇ ಹೊರಗೆಳೆಯುವ ವಿಧಾನವಿದೆ. ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಅದು ಸಾಧ್ಯ. ತಡವಾದ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಯೆಂಬ ಲೆಕ್ಕವಿದೆ. ಮುಖ ಸೊಟ್ಟಗಾಯಿತೇ, ಎತ್ತಿದ ಕೈ ಜಾರಿತೇ, ಮಾತು ತೊದಲಿತೇ? ದಣಿವೆಂದೋ ಕುಡಿತವೆಂದೋ ಭಾವಿಸಿ ಮಲಗಿಸದೆ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಧಾವಿಸಬೇಕು. ಡೌನಿಂಗ್ ಬೀದಿಯ ಆ ಔತಣದಲ್ಲಿ ಈ ಮೂರೂ ಲಕ್ಷಣಗಳು ಒಂದು ರಾತ್ರಿ, ಒಂದು ಬೆಳಗಿನೊಳಗೆ ಕಾಣಿಸಿದ್ದವು.

ಚರ್ಚಿಲ್ ಉಳಿಸಿಹೋದ ಹದಿಮೂರು ರೂಪಾಯಿಯನ್ನು ಬೆಂಗಳೂರಿನ ಕ್ಲಬ್ಬು ವಸೂಲಾಗದ ಬಾಕಿಯೆಂದು ಬರೆದು ಕೈಬಿಟ್ಟಿತು. ಮಿದುಳಿನ ನಾಳಗಳು ಹಾಗೆ ಬಾಕಿ ಬಿಡುವುದಿಲ್ಲ. 1949ರಲ್ಲಿ ಜೋಮಿನ ರೂಪದಲ್ಲಿ, 1952ರಲ್ಲಿ ಮರೆತ ಪದಗಳ ರೂಪದಲ್ಲಿ ಅವು ಚರ್ಚಿಲ್‌ಗೆ ಮೊದಲೇ ತಿಳುವಳಿಕೆ ಪತ್ರ ಕಳಿಸಿದ್ದವು. ಅದನ್ನು ಓದಿಯೂ ಮಾಡಲು ಅಂದು ಹೆಚ್ಚೇನೂ ಇರಲಿಲ್ಲ. ಇಂದು ಇದೆ.